ಎರಡಾಣೆಯ ಡಾಕ್ಟರು ಮತ್ತು ನಮ್ಮವ್ವನ ಪಿಗ್ಮಿ

ಬೈಲಹೊಂಗಲದ ಸಂತ್ಯಾಗ ನಮ್ಮವ್ವ ಕಾಯಿಪಲ್ಯ ಮಾರುತ್ತಿದ್ದಳು. ಸಂಜೆ ಪಿಗ್ಮಿ ಅಣ್ಣ ಬಂದು ಸೈಕಲ್ ನಿಲ್ಲಿಸಿದ ಅಂದ್ರ, ತಕ್ಕಡಿ ಬದಿಗಿಟ್ಟು ಇಪ್ಪತ್ತು ರೂಪಾಯಿ ಎಣಿಸಿ ಕೊಡ್ತಿದ್ದಳು. ಮನ್ಯಾಗ ಎಣ್ಣಿ ಇಲ್ಲದಿದ್ದರೂ ಪಿಗ್ಮಿ ತಪ್ಪುತ್ತಿರಲಿಲ್ಲ. ಈ ಪದ್ಧತಿಯ ಹಿಂದೆ ಉಡುಪಿಯ ಕಡೆಯ ಒಬ್ಬ ಡಾಕ್ಟರ್ ಇದ್ದಾರೆ ಅನ್ನೋದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರಲ್ಲಿ. ಮದ್ರಾಸಿನಲ್ಲಿ ವೈದ್ಯಕೀಯ ಓದಿದರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ಬಂಡವಾಳ 8,000 ರೂಪಾಯಿ. ಕಷ್ಟಕ್ಕೆ ಸಿಕ್ಕಿದ್ದ ಕರಾವಳಿಯ ಕೈಮಗ್ಗದ ನೇಕಾರರಿಗೆ ಆಸರೆಯಾಗುವುದು ಅದರ ಮೊದಲ ಉದ್ದೇಶ. ರಾಮದುರ್ಗದ ನೇಕಾರರಿಗೆ ಈ ಕಷ್ಟ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ, ಅಂದರೆ ರೂಪಾಯಿಯ ಎಂಟನೇ ಒಂದು ಪಾಲು. ಬಡವರು ಉಳಿಸೋದಿಲ್ಲ ಅನ್ನೋದು ಉಳ್ಳವರ ಹಳೆಯ ಮಾತು. ಪೈ ಅದನ್ನು ತಿರುಗಿಸಿ ನೋಡಿದರು. ದಿನಗೂಲಿಯವರ ಕೈಗೆ ದಿನಾ ದುಡ್ಡು ಬರುತ್ತದೆ, ದಿನಾ ಖರ್ಚಾಗುತ್ತದೆ. ಬ್ಯಾಂಕಿಗೆ ಹೋಗಿ ನಿಂತರೆ ಅವತ್ತಿನ ಕೂಲಿ ಹೋಗುತ್ತದೆ. ಹಾಗಾದರೆ ಬ್ಯಾಂಕೇ ಬಾಗಿಲಿಗೆ ಬರಲಿ! ತಪ್ಪಿದ್ದು ಬಡವರ ಗುಣ ಅಲ್ಲ, ಬ್ಯಾಂಕು ಕೂತ ಜಾಗ.

ಅವರನ್ನು ದೇವರು ಮಾಡೋದು ಬೇಡ. 1953ರಲ್ಲಿ ಮಣಿಪಾಲದಲ್ಲಿ ಅವರು ಕಟ್ಟಿದ ಖಾಸಗಿ ವೈದ್ಯಕೀಯ ಕಾಲೇಜು ಸಾವಿರಾರು ಡಾಕ್ಟರರನ್ನು ಕೊಟ್ಟಿತು. ದುಡ್ಡಿದ್ದವರಿಗೆ ಸೀಟು ಅನ್ನೋ ಜಗಳಕ್ಕೂ ದಾರಿಯಾಯಿತು. ಮನೆಮನೆ ಅಲೆದ ಪಿಗ್ಮಿ ಏಜೆಂಟರು ಬರೀ ಕಮಿಷನ್ ಮೇಲೆ ಬದುಕಿದರು. ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2001ರಲ್ಲಿ.

1969ರಲ್ಲಿ ಬ್ಯಾಂಕ್ ರಾಷ್ಟ್ರೀಕರಣವಾಯಿತು. 1979ರಲ್ಲಿ ಪೈ ತೀರಿಕೊಂಡರು. ಅಷ್ಟೊತ್ತಿಗೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಸಾಯಲಿಲ್ಲ. ಕಿತ್ತೂರು, ಸವದತ್ತಿಯ ಅಂಗಡಿ ಸಾಲಿನಲ್ಲೂ ಪತ್ತಿನ ಸಂಘಗಳ ಹೆಸರಲ್ಲಿ ಇವತ್ತಿಗೂ ಓಡಾಡುತ್ತದೆ.

ನಮ್ಮವ್ವ ಕಟ್ಟುತ್ತಿದ್ದುದೂ ಅಂಥದ್ದೇ ಒಂದು ಸಂಘಕ್ಕೆ. ಒಂದು ಮುಂಜಾನೆ ಅದರ ಬಾಗಿಲಿಗೆ ಕೀಲಿ ಬಿದ್ದಿತ್ತು. ಅಕ್ಕನ ಮದುವಿಗೆ ಅಂತ ಕೂಡಿಟ್ಟಿದ್ದು ಇನ್ನೂ ಕೈಗೆ ಬಂದಿಲ್ಲ. ಪಿಗ್ಮಿ ಅಣ್ಣ ನಮ್ಮ ಓಣ್ಯಾಗ ಮುಖ ತೋರಿಸೋದನ್ನ ಬಿಟ್ಟ. ಪಾಪ, ಅವನದೇನು ತಪ್ಪು?

ಬ್ಯಾಂಕಿನಲ್ಲಿಟ್ಟ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಂಘಗಳಿಗೆ ಇಲ್ಲ. ಅಂದರೆ ಇಪ್ಪತ್ತು, ಐವತ್ತು ಅಂತ ಕಟ್ಟುವವರ ದುಡ್ಡಿಗೇ ಕಾವಲಿಲ್ಲ. ಉಳಿತಾಯದ ಬಗ್ಗೆ ಬಡವರಿಗೆ ಪಾಠ ಹೇಳೋ ನಾಯಕರು ಮೊದಲು ಇದಕ್ಕೆ ಉತ್ತರ ಕೊಡಲಿ. ಮುಂದಿನ ಚುನಾವಣೆಯಲ್ಲಿ ನಿಮ್ಮ ಓಣಿಗೆ ವೋಟು ಕೇಳೋಕೆ ಬಂದವರನ್ನು ನೀವೂ ಇದನ್ನೇ ಕೇಳಿ.

ಅವ್ವ ಈಗಲೂ ದಿನಾ ಇಪ್ಪತ್ತು ರೂಪಾಯಿ ಎತ್ತಿಡುತ್ತಾಳೆ, ಸಾಸಿವಿ ಡಬ್ಬ್ಯಾಗ.