ಹಾರ್ವರ್ಡಿನಿಂದ ಘಟ್ಟದ ಕಾಡಿಗೆ: ಬಿ.ಜಿ.ಎಲ್. ಸ್ವಾಮಿ

ಬಿ.ಜಿ.ಎಲ್. ಸ್ವಾಮಿ ಎಂದರೆ ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. 1918ರ ಫೆಬ್ರುವರಿ 5ರಂದು ಜನಿಸಿದ ಇವರು ಡಿ.ವಿ. ಗುಂಡಪ್ಪನವರ ಮಗ. ಕನ್ನಡ ಶಿಕ್ಷಕರು ಇವರನ್ನು ಲೇಖಕರೆಂದು ಪರಿಚಯಿಸುತ್ತಾರೆ. ಬಿಎಸ್ಸಿ ಮುಗಿಸಿ ಬಿಎಡ್ ಓದುತ್ತಿರುವ ನಾನು ಇವರನ್ನು ಸಸ್ಯವಿಜ್ಞಾನಿಯಾಗಿ ಮತ್ತು ಶಿಕ್ಷಕರಾಗಿ ಇಲ್ಲಿ ಪರಿಚಯಿಸಲು ಇಚ್ಛಿಸುತ್ತೇನೆ.

ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ 1939ರಲ್ಲಿ ಬಿಎಸ್ಸಿ ಆನರ್ಸ್ ಪದವಿ ಪಡೆದರು. ಆಮೇಲೆ ಆರ್ಕಿಡ್ ಸಸ್ಯಗಳಲ್ಲಿ ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದರ ಮೇಲೆ ಸಂಶೋಧನೆ ನಡೆಸಿದರು. 1947ರಲ್ಲಿ ಮೈಸೂರು ವಿಶ್ವವಿದ್ಯಾಲಯ ಇವರಿಗೆ ಡಿಎಸ್ಸಿ ಪದವಿ ನೀಡಿತು.

ಅನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಇರ್ವಿಂಗ್ ಬೈಲಿ ಎಂಬ ಪ್ರಸಿದ್ಧ ಸಸ್ಯವಿಜ್ಞಾನಿಯ ಜೊತೆ ಕೆಲಸ ಮಾಡಿದರು. ಅಲ್ಲಿ ನಡೆಯುತ್ತಿದ್ದ ಹುಡುಕಾಟ ದೊಡ್ಡದು: ಹೂ ಬಿಡುವ ಸಸ್ಯಗಳಲ್ಲಿ ಅತಿ ಪ್ರಾಚೀನ ಲಕ್ಷಣಗಳನ್ನು ಉಳಿಸಿಕೊಂಡಿರುವವು ಯಾವುವು? ಫಿಜಿ ದ್ವೀಪಗಳ ಡಿಜೆನೇರಿಯ ಎಂಬ ಮರದ ರಚನೆಯ ಬಗ್ಗೆ ಸ್ವಾಮಿಯವರು 1949ರಲ್ಲಿ ಪ್ರಬಂಧ ಪ್ರಕಟಿಸಿದರು. 1950ರಲ್ಲಿ ಬೈಲಿಯವರ ಜೊತೆಗೂಡಿ ಸಾರ್ಕಾಂಡ್ರ ಎಂಬ ಕುಲದ ಬಗ್ಗೆ ಬರೆದರು. ಹೂ ಬಿಡುವ ಬಹುತೇಕ ಸಸ್ಯಗಳ ಕ್ಸೈಲಂನಲ್ಲಿ ನೀರು ಸಾಗಿಸುವ ಉದ್ದನೆಯ ನಾಳಗಳಿರುತ್ತವೆ. ಸಾರ್ಕಾಂಡ್ರದಲ್ಲಿ ಅವು ಇಲ್ಲವೆಂಬುದು ಅವರ ತೀರ್ಮಾನವಾಗಿತ್ತು. 1953ರಲ್ಲಿ ದಕ್ಷಿಣ ಭಾರತದ ಒಂದು ಸಾರ್ಕಾಂಡ್ರ ಸಸ್ಯಕ್ಕೆ ಸ್ವಾಮಿಯವರು ತಮ್ಮ ಗುರುವಿನ ಹೆಸರನ್ನೇ ಇಟ್ಟರು. ಅಮೆರಿಕದ ಗುರುವಿನ ಹೆಸರು ಹೀಗೆ ನಮ್ಮ ಕಾಡಿನ ಗಿಡದ ಮೇಲೆ ನಿಂತಿತು.

ಈ ಕಥೆಗೆ ಮುಂದಿನ ಭಾಗವೂ ಇದೆ. 1987ರಲ್ಲಿ ಶರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಸಾರ್ಕಾಂಡ್ರದಲ್ಲಿ ನಾಳಗಳಿರುವುದನ್ನು ತೋರಿಸಿದರು. ಆ ಹೊತ್ತಿಗೆ ಸ್ವಾಮಿಯವರು ಬದುಕಿರಲಿಲ್ಲ. ಇದರಿಂದ ಅವರ ದೊಡ್ಡತನ ಕಡಿಮೆಯಾಗುವುದಿಲ್ಲ. ಅವರು ಸರಿಯಾದ ಪ್ರಶ್ನೆ ಎತ್ತಿದ್ದರಿಂದಲೇ ಮುಂದಿನವರು ಅದೇ ಗಿಡವನ್ನು ಮತ್ತೆ ಸೀಳಿ ನೋಡಿದರು. ಪಠ್ಯಪುಸ್ತಕದ ಮಾತು ಕೊನೆಯ ಮಾತೆಂದು ನಂಬಿ ಕುಳಿತ ಮಕ್ಕಳಿಗೆ ಈ ಸಂಗತಿ ಹೇಳಲೇಬೇಕು.

1953ರಲ್ಲಿ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಅಲ್ಲೇ ದುಡಿದರು. ಹೊರನಾಡಿನಲ್ಲಿದ್ದರೂ ಕನ್ನಡದಲ್ಲಿ ಬರೆಯುವುದನ್ನು ಬಿಡಲಿಲ್ಲ. ವಿದ್ಯಾರ್ಥಿಗಳನ್ನು ಪಶ್ಚಿಮ ಘಟ್ಟದ ಕಾಡುಗಳಿಗೆ ಕರೆದೊಯ್ದ ಪ್ರವಾಸಗಳಿಂದ ಹುಟ್ಟಿದ ಪುಸ್ತಕ ಹಸುರು ಹೊನ್ನು. ಗಿಡದ ಹೆಸರು, ಲಕ್ಷಣ, ಬಳಕೆ, ಅದರ ಸುತ್ತಲಿನ ಪುರಾಣ, ಹುಡುಗರ ತಮಾಷೆ ಎಲ್ಲವೂ ಅದರಲ್ಲಿ ಒಟ್ಟಿಗೇ ಬರುತ್ತವೆ. ಚಿತ್ರಗಳನ್ನೂ ಅವರೇ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ತಂದೆಗೂ 1967ರಲ್ಲಿ ಅದೇ ಪ್ರಶಸ್ತಿ ಬಂದಿತ್ತು. ಸ್ವಾಮಿಯವರು 1980ರ ನವೆಂಬರ್ 2ರಂದು ನಿಧನರಾದರು.

ಈ ಜೀವನ ಸೈದಾಪುರದ ಕಡೆ ಪಾಠ ಮಾಡುವ ನಮಗೇಕೆ ಬೇಕು? ಇಲ್ಲಿ ಘಟ್ಟದ ಕಾಡಿಲ್ಲ. ಹತ್ತಿ, ತೊಗರಿ, ಶೇಂಗಾ ಹೊಲಗಳಿವೆ, ಬದುವಿನ ಮೇಲೆ ಜಾಲಿ, ಬೇವು, ಎಕ್ಕೆ ಇವೆ. ನಾನು ಬೋಧನಾಭ್ಯಾಸ ಮಾಡಿದ ತರಗತಿಯಲ್ಲಿ ಹತ್ತಿ ಬಿಡಿಸುವ ದಿನಗಳಲ್ಲಿ ಹಲವು ಬೆಂಚುಗಳು ಖಾಲಿ ಇರುತ್ತಿದ್ದವು. ಕೆಲವು ಮಕ್ಕಳು ಅಪ್ಪ ಅವ್ವನ ಜೊತೆ ಗುಳೆ ಹೋಗುತ್ತಾರೆ. ತಿರುಗಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ, ಮಗು ತನಗೇನೂ ಗೊತ್ತಿಲ್ಲವೆಂದು ತಲೆ ತಗ್ಗಿಸುತ್ತದೆ. ಆದರೆ ಕಾಯಿ ಯಾವಾಗ ಒಡೆಯುತ್ತದೆ, ಯಾವ ಎಲೆಗೆ ಯಾವ ಹುಳ ಬೀಳುತ್ತದೆ ಎಂದು ಕೇಳಿದರೆ ಮೊದಲು ಉತ್ತರ ಕೊಡುವುದು ಅದೇ ಮಗು. ಆ ತಿಳಿವಳಿಕೆಯಿಂದಲೇ ಪಾಠ ಆರಂಭಿಸಿದರೆ ಅದು ಶಾಲೆಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚೆಂದು ನನ್ನ ನಂಬಿಕೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸುಲಭ ಚಟುವಟಿಕೆ ಸೂಚಿಸುತ್ತೇನೆ. ಹೂ ಬಿಟ್ಟ ಶೇಂಗಾ ಗಿಡವೊಂದನ್ನು ಬೇರುಸಹಿತ ತರಿಸಿರಿ. ಹಳದಿ ಹೂ ನೆಲದ ಮೇಲೆ ಅರಳುತ್ತದೆ. ಪರಾಗಸ್ಪರ್ಶವಾದ ಮೇಲೆ ಅದರ ಬುಡದಿಂದ ಒಂದು ಕಡ್ಡಿ ಕೆಳಗೆ ಇಳಿದು ಮಣ್ಣು ಸೇರುತ್ತದೆ, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಬೇರಿನ ಗಂಟುಗಳನ್ನೂ ತೋರಿಸಿ ಸಾರಜನಕದ ಪಾಠಕ್ಕೆ ಹೋಗಬಹುದು. ಮಕ್ಕಳು ನೋಡಿದ್ದನ್ನು ಚಿತ್ರ ಬರೆದು, ದಿನಾಂಕ ಮತ್ತು ಹೊಲದ ಹೆಸರು ಹಾಕಲಿ. ಶೇಂಗಾ ಮತ್ತು ಮೆಣಸಿನಕಾಯಿ ದಕ್ಷಿಣ ಅಮೆರಿಕದ ಕಡೆಯಿಂದ ನಮ್ಮಲ್ಲಿಗೆ ಬಂದವೆಂದು ಆಗ ಹೇಳಿರಿ. ಸ್ವಾಮಿಯವರು ಈ ವಿಷಯಕ್ಕೆಂದೇ ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಎಂಬ ಪುಸ್ತಕ ಬರೆದಿದ್ದಾರೆ. ಅದು ಶಾಲೆಯ ಗ್ರಂಥಾಲಯದಲ್ಲಿ ಇರಬೇಕಾದ ಪುಸ್ತಕ.