ಟಿಪ್ಪು ಸುಲ್ತಾನನ ಅಸಲಿ ಫೋಟೊ ಎಂದು ಹರಿದಾಡುವ ಚಿತ್ರ ಯಾರದ್ದು?

ಟಿಪ್ಪು ಜಯಂತಿಯ ಗಲಾಟೆ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಕಪ್ಪು-ಬಿಳುಪು ಫೋಟೊ ಓಡಾಡುತ್ತದೆ. ಇದು ಲಂಡನ್ನಿನ ಮ್ಯೂಸಿಯಂನಲ್ಲಿರುವ ಟಿಪ್ಪು ಸುಲ್ತಾನನ ಅಸಲಿ ಫೋಟೊ, ಪುಸ್ತಕದಲ್ಲಿ ನಾವು ನೋಡಿದ್ದು ಸುಳ್ಳು ಚಿತ್ರ ಎಂದು ಅದರ ಕೆಳಗೆ ಬರೆದಿರುತ್ತದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯವರಾದ ನಿಮಗೂ ಇದು ಬಂದಿರಬಹುದು. ಹಾಗಾದರೆ ಇದು ನಿಜವೇ?

ಅಲ್ಲ. ಟಿಪ್ಪುವಿನ ಬದುಕಿನ ಇಸವಿಗಳನ್ನು ಒಮ್ಮೆ ನೋಡಿದರೆ ಸಾಕು.

ನಮ್ಮ ಸೀಮೆಯಲ್ಲಿ ಟಿಪ್ಪು

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿಗೆ 1761ರಲ್ಲಿ ಶಿರಾದ ನವಾಬ ಎಂಬ ಪದವಿ ಸಿಕ್ಕಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್, ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟಿದ್ದು ಮಧುಗಿರಿ ಕೋಟೆಯಲ್ಲಿ. ನಂತರ ಶಿರಾ ಮರಾಠರ ಪಾಲಾಯಿತು. 1774ರಲ್ಲಿ ಅದನ್ನು ಮತ್ತೆ ಗೆದ್ದುಕೊಟ್ಟವನು ಟಿಪ್ಪು. ಆಗ ಅವನಿಗೆ ಸುಮಾರು 24 ವರ್ಷ.

1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ ಮೇಲೆ ಟಿಪ್ಪು ಪಟ್ಟಕ್ಕೆ ಬಂದ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನವಸತಿ ಮಾಡಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಲಾಯಿತು ಎಂದು ಬ್ರಿಟಿಷ್ ಕಾಲದ ಗೆಜೆಟಿಯರ್ ಹೇಳುತ್ತದೆ. 1792ರಲ್ಲಿ ಯುದ್ಧ ಸೋತು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ. ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಿದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಸತ್ತ.

ಆಗ ಕ್ಯಾಮೆರಾ ಎಲ್ಲಿತ್ತು?

ಇವತ್ತಿಗೆ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರವನ್ನು ಫ್ರಾನ್ಸಿನ ನಿಯೆಪ್ಸ್ ತೆಗೆದದ್ದು 1826-27ರ ಸುಮಾರಿಗೆ. ಅದರಲ್ಲಿ ಕಾಣುವುದು ಕಿಟಕಿಯಾಚೆಯ ಕಟ್ಟಡಗಳು ಮಾತ್ರ. ಜನರ ಫೋಟೊ ತೆಗೆಯಲು ದಾರಿ ಮಾಡಿಕೊಟ್ಟ ಡಾಗೆರ್ ವಿಧಾನ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ಅಷ್ಟರಲ್ಲಿ ಟಿಪ್ಪು ಸತ್ತು 40 ವರ್ಷವಾಗಿತ್ತು. ಹಾಗಾಗಿ ಟಿಪ್ಪುವಿನ ಫೋಟೊ ಇರಲು ಸಾಧ್ಯವೇ ಇಲ್ಲ. ಇರುವುದೆಲ್ಲ ಕೈಯಲ್ಲಿ ಬರೆದ ಚಿತ್ರಗಳೇ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೂ ಅವನ ಚಿತ್ರವಿದೆ. ಆ ಗೋಡೆಚಿತ್ರಗಳಿಗೂ ಆಮೇಲೆ ಮತ್ತೆ ಬಣ್ಣ ಬಳಿಯಲಾಗಿದೆ.

ಹಾಗಾದರೆ ಫೋಟೊದಲ್ಲಿರುವುದು ಯಾರು?

ಇಂಟರ್ನೆಟ್ಟಿನಲ್ಲಿ ಈ ಚಿತ್ರ ಸಿಗುವುದು ಟಿಪ್ಪು ಟಿಪ್ ಎಂಬ ಹೆಸರಿನಲ್ಲಿ. ಇವನು ಆಫ್ರಿಕಾದ ಜಾಂಜಿಬಾರ್‌ನವನು, ದಂತ ಮತ್ತು ಗುಲಾಮರ ವ್ಯಾಪಾರಿ. ನಿಜವಾದ ಹೆಸರು ಹಮದ್ ಬಿನ್ ಮುಹಮ್ಮದ್. ಟಿಪ್ಪು ಟಿಪ್ ಎನ್ನುವುದು ಬಂದೂಕಿನ ಸದ್ದಿನಿಂದ ಬಂದ ಅಡ್ಡಹೆಸರಂತೆ. ಅವನು ಸತ್ತಿದ್ದು 1905ರಲ್ಲಿ. ನಮ್ಮ ಟಿಪ್ಪುವಿಗೂ ಅವನಿಗೂ ಹೆಸರಿನ ಹೋಲಿಕೆ ಬಿಟ್ಟರೆ ಬೇರೆ ಸಂಬಂಧವೇ ಇಲ್ಲ.

ಹಳೆಯ ಫೋಟೊ ಬಂದರೆ ಏನು ಮಾಡಬೇಕು?

ಮೊದಲು ಆ ವ್ಯಕ್ತಿ ಸತ್ತ ಇಸವಿ ನೋಡಿ. ಅದು 1839ಕ್ಕಿಂತ ಹಿಂದಿನದಾದರೆ ಫೋಟೊ ಅವರದ್ದಲ್ಲ. ನಂತರ ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿ ಹುಡುಕಿ. ಒಂದೇ ಸೈಟ್ ನೋಡಿ ನಂಬಬೇಡಿ. ಸಂಗ್ರಹಾಲಯಗಳ ಶೀರ್ಷಿಕೆಯನ್ನು ಬರೆದವರೂ ಮನುಷ್ಯರೇ, ಅಲ್ಲೂ ತಪ್ಪಾಗುತ್ತದೆ.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆ ಬೇಕಾದಷ್ಟು ನಡೆಯಲಿ. ಶಿರಾದಿಂದ ಹೊರಟ ಆ 12,000 ಕುಟುಂಬಗಳ ಬಗ್ಗೆಯೂ ಕೇಳೋಣ. ಆದರೆ ಯಾರದೋ ಮುಖ ತೋರಿಸಿ ತೀರ್ಪು ಕೊಡುವುದು ಬೇಡ. ಈ ಫೋಟೊ ಮತ್ತೆ ಬಂದರೆ ಫಾರ್ವರ್ಡ್ ಮಾಡದೆ, ಕಳಿಸಿದವರಿಗೆ ಎರಡು ಇಸವಿ ಹೇಳಿ: 1799 ಮತ್ತು 1839.