ಹೃದಯದ ಕವಾಟಗಳನ್ನು ಕಂಡ ಚಿತ್ರಕಾರ

ಲಿಯೊನಾರ್ಡೊ ದ ವಿಂಚಿಯನ್ನು ಲೋಕವು ಮೋನಾಲಿಸಾ ಚಿತ್ರದ ಕರ್ತೃವೆಂದು ಕೊಂಡಾಡುತ್ತದೆ. ಆ ಮಹನೀಯನು ಹೃದಯದ ಒಳಗನ್ನು ಹೊಕ್ಕು ನೋಡಿದ ವೃತ್ತಾಂತವು ಅಷ್ಟಾಗಿ ಪ್ರಚುರವಾಗಿಲ್ಲ.

1452ರ ಏಪ್ರಿಲ್ 15ರಂದು ಇಟಲಿ ದೇಶದಲ್ಲಿ ಆತನ ಜನನ. ತಂದೆ ನೋಟರಿ, ತಾಯಿಯೊಡನೆ ಅವನಿಗೆ ವಿವಾಹವಾಗಿರಲಿಲ್ಲ. ಆದ್ದರಿಂದ ಬಾಲಕನಿಗೆ ಲ್ಯಾಟಿನ್ ವಿದ್ಯೆಯು ಕ್ರಮವಾಗಿ ದೊರೆಯಲಿಲ್ಲ. ಫ್ಲಾರೆನ್ಸ್ ನಗರದ ವೆರೊಕ್ಕಿಯೊ ಎಂಬ ಶಿಲ್ಪಿಯ ಕಾರ್ಯಾಗಾರವೇ ಆತನ ಪಾಠಶಾಲೆಯಾಯಿತು. ಕಣ್ಣೇ ಗುರುವಾಯಿತು ಎಂದರೂ ಸಲ್ಲುತ್ತದೆ.

ಚಿತ್ರಕ್ಕಾಗಿ ದೇಹರಚನೆಯನ್ನು ಅರಿಯಹೊರಟವನು ಕ್ರಮೇಣ ಅರಿವಿಗಾಗಿಯೇ ಶವಗಳನ್ನು ಛೇದಿಸತೊಡಗಿದನು. 1507-08ರ ಚಳಿಗಾಲದಲ್ಲಿ ಫ್ಲಾರೆನ್ಸಿನ ಆಸ್ಪತ್ರೆಯೊಂದರಲ್ಲಿ ನೂರು ವರ್ಷ ದಾಟಿದ ವೃದ್ಧನೊಬ್ಬನು ಶಾಂತವಾಗಿ ಪ್ರಾಣಬಿಟ್ಟನು. ಅಂತಹ ಸುಖಮರಣಕ್ಕೆ ಕಾರಣವೇನೆಂದು ಹುಡುಕಿದ ಲಿಯೊನಾರ್ಡೊನಿಗೆ ಗೋಡೆ ದಪ್ಪಗಾಗಿ ಒಳದಾರಿ ಕಿರಿದಾದ ರಕ್ತನಾಳಗಳು ಕಂಡುವು.

ಮುಂದೆ ಎತ್ತಿನ ಹೃದಯವನ್ನು ಕೈಗೆತ್ತಿಕೊಂಡನು. ಹೃದಯವು ಮಾಂಸಪೇಶಿಯೆಂದೂ ಅದರಲ್ಲಿ ಎರಡು ಹೃತ್ಕರ್ಣ, ಎರಡು ಹೃತ್ಕುಕ್ಷಿ ಸೇರಿ ನಾಲ್ಕು ಕೋಣೆಗಳಿವೆಯೆಂದೂ ನಿರೂಪಿಸಿದನು. ಕರ್ಣಕುಕ್ಷಿಗಳ ನಡುವಣ ಕವಾಟಗಳ ದಳಗಳು ಮೇಲಕ್ಕೆ ಮಗುಚಿಕೊಳ್ಳದಂತೆ ಹಿಡಿದಿರುವ ತಂತುಗಳನ್ನೂ, ಆ ತಂತುಗಳ ಬುಡದ ಪೇಶಿಗಳನ್ನೂ ಒಂದೊಂದಾಗಿ ಬಿಡಿಸಿದನು. ಮಹಾಪಧಮನಿಯ ಬಾಯಲ್ಲಿರುವ ಅರ್ಧಚಂದ್ರಾಕಾರದ ದಳಗಳು ಮೂರು. ನಾಲ್ಕಾಗದೆ ಮೂರೇ ಆದುದೇಕೆ? ಅದಕ್ಕೂ ಜ್ಯಾಮಿತಿಯಿಂದ ಉತ್ತರ ಹುಡುಕಿದನು. ಆ ಭಾಗದ ಮೇಣದ ಅಚ್ಚು ತೆಗೆದು, ಅದರಂತೆ ಗಾಜಿನ ನಾಳವನ್ನು ಮಾಡಿ, ನೀರಿನಲ್ಲಿ ಹುಲ್ಲಿನ ಬೀಜಗಳನ್ನು ತೇಲಿಬಿಟ್ಟು ನೋಡುವ ವಿಧಾನವನ್ನು ಬರೆದಿಟ್ಟನು. ದಳಗಳ ಹಿಂದಿನ ಉಬ್ಬುಗಳಲ್ಲಿ ರಕ್ತವು ಸುಳಿಸುಳಿಯಾಗಿ ತಿರುಗಿ ದಳಗಳನ್ನು ಮುಚ್ಚುತ್ತದೆಂಬುದು ಆತನ ನಿರ್ಣಯ.

ಇಷ್ಟಾದರೂ ಪ್ರಾಚೀನ ವೈದ್ಯ ಗೇಲನನ ಪ್ರಾಮಾಣ್ಯವನ್ನು ಆತನು ಪೂರ್ತಿಯಾಗಿ ಕಳಚಿಕೊಳ್ಳಲಿಲ್ಲ. ಹೃತ್ಕುಕ್ಷಿಗಳ ನಡುವಣ ಗೋಡೆಯಲ್ಲಿ ರಂಧ್ರಗಳಿವೆಯೆಂಬ ಹಳೆಯ ಮಾತನ್ನೇ ನಂಬಿದನು. ಕವಾಟವು ರಕ್ತವನ್ನು ಹಿಂದಿರುಗಗೊಡದೆಂದು ಕಂಡವನಿಗೆ ರಕ್ತಪರಿಚಲನೆಯು ಹೊಳೆಯದೆ ಹೋಯಿತು. ಅದನ್ನು ಸಾಧಿಸಿ 1628ರಲ್ಲಿ ಗ್ರಂಥ ಪ್ರಕಟಿಸಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ.

ಇನ್ನೊಂದು ನಷ್ಟವು ಇದಕ್ಕಿಂತಲೂ ದೊಡ್ಡದು. ಸಹಕರಿಸುತ್ತಿದ್ದ ಯುವ ಅಧ್ಯಾಪಕ ಮಾರ್ಕಾಂಟೋನಿಯೊ ದೆಲ್ಲಾ ತೋರೆ 1511ರಲ್ಲಿ ಅಕಾಲಮರಣಕ್ಕೀಡಾದನು. ಉದ್ದೇಶಿಸಿದ್ದ ಶರೀರಶಾಸ್ತ್ರ ಗ್ರಂಥವು ಮುಗಿಯಲೇ ಇಲ್ಲ. 1519ರ ಮೇ 2ರಂದು ಫ್ರಾನ್ಸಿನಲ್ಲಿ ಲಿಯೊನಾರ್ಡೊ ಕಾಲವಶನಾದಾಗ ಹಾಳೆಗಳೆಲ್ಲ ಶಿಷ್ಯ ಮೆಲ್ಜಿಯ ಪಾಲಾದುವು. ಶರೀರರಚನೆಯ ಹಾಳೆಗಳು ಕೈಯಿಂದ ಕೈಗೆ ದಾಟಿ ಇಂಗ್ಲೆಂಡಿನ ರಾಜಸಂಗ್ರಹವನ್ನು ಸೇರಿ, ಬಹುಕಾಲ ವೈದ್ಯರ ಕಣ್ಣಿಗೆ ಬೀಳದೆ ಉಳಿದುವು. ಆ ಸುಳಿಗಳ ಮಾತನ್ನು ಆಕ್ಸ್‌ಫರ್ಡಿನ ವಿಜ್ಞಾನಿಗಳು ಮಾದರಿ ಕವಾಟದಲ್ಲಿ ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದರು. ಸುಳಿಗಳು ಅಲ್ಲಿಯೇ ಇದ್ದುವು.